ನಿಂಗವ್ವತ್ತೆಯ ಅಣಬೆ ನ್ಯಾಯ

ನನ್ನ ಸೋದರತ್ತೆ ನಿಂಗವ್ವ ಅಣಬೆಯನ್ನು ಮೊದಲು ಮೂಸುತ್ತಿದ್ದಳು, ಆಮೇಲೆ ತಂದವರನ್ನು ಬೈಯುತ್ತಿದ್ದಳು, ಕೊನೆಗೆ ತೀರ್ಪು ಕೊಡುತ್ತಿದ್ದಳು. ಗಂಗಾವತಿ ಕಡೆಯ ಆ ಗುಡ್ಡದಡಿಯ ಓಣಿಗೆ ಮಳೆಗಾಲದಲ್ಲಿ ಅವಳ ಮನೆಯ ಕಟ್ಟೆಯೇ ನ್ಯಾಯಾಲಯ. ಕಾಡಿನ ಅಣಬೆ ಅವಳ ಕೈ ದಾಟದೆ ಯಾರ ಒಲೆಯನ್ನೂ ಏರುತ್ತಿರಲಿಲ್ಲ.

ಕಟಕಟೆಗೆ ಬರುತ್ತಿದ್ದವು ಎರಡು ಜಾತಿ. ಹುತ್ತದ ಅಣಬೆಗೆ ನೆತ್ತಿಯ ಮೇಲೊಂದು ಮೊನೆ, ಮಣ್ಣೊಳಗೆ ಹುತ್ತದ ತಳದವರೆಗೂ ಇಳಿದ ಬೇರು. ವಿಷದ್ದಕ್ಕೂ ಅಷ್ಟೇ ಬಿಳುಪು, ಅಷ್ಟೇ ಅಗಲದ ಕೊಡೆ. ಆದರೆ ಬೇರಿಲ್ಲ, ಕಾಲಿಗೊಂದು ಬಳೆ, ಬಲಿತರೆ ಕೊಡೆಯಡಿ ಹಸಿರು. ಬೇರು ಬಿಟ್ಟು ಬಂದವರಿಗೆ ಮಂಗಳಾರತಿ ಕಟ್ಟಿಟ್ಟದ್ದು: "ರುಂಡ ಅಷ್ಟ ತಂದು ಇದು ಯಾರು ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಹೋದ ಮಳೆಗಾಲದಲ್ಲಿ ಅವಳ ಬಸುರಿ ಸೊಸೆ ಶಿವಲೀಲಾ ಬಯಕೆಯಾಗಿ ತಾನೇ ಹೋಗಿ ಬುಟ್ಟಿ ತುಂಬ ಅಣಬೆ ತಂದಳು. ಅತ್ತೆಯ ಕೈಗೆ ಮಣ್ಣು ತಾಗಬಾರದೆಂಬ ಮರ್ಯಾದೆಯಿಂದ ಹಿತ್ತಲಲ್ಲೇ ಬೇರು, ಕಾಲು ಎಲ್ಲ ಕೊಯ್ದು, ತೊಳೆದ ಕೊಡೆಗಳನ್ನಷ್ಟೇ ತಾಟಿನಲ್ಲಿ ಜೋಡಿಸಿ ಮುಂದಿಟ್ಟಳು. ನೋಡಲು ನೆರೆಯವರೆಲ್ಲ ಕೂಡಿದ್ದರು. ಕಣ್ಣಿಗೆ ಪೊರೆ ಬಂದದ್ದನ್ನು ಅತ್ತೆ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ನನ್ನನ್ನು ನನ್ನ ತಮ್ಮನ ಹೆಸರಿನಿಂದ ಕರೆದಾಗಲೇ ನನಗೆ ಗುಮಾನಿ. ಬೈದರೆ ಸೊಸೆಗೆ ಅವಮಾನ, ತಿಳಿಯದು ಎಂದರೆ ತನಗೆ. ಕೊಡೆಗಳ ಮೇಲೆ ಬೆರಳಾಡಿಸಿದಳು.

"ಛಲೋ ಅದಾವು. ಪಲ್ಯ ಮಾಡು."

ಪಲ್ಯವಾಯಿತು. ಪದ್ಧತಿಯಂತೆ ಮೊದಲ ತುತ್ತು ತೀರ್ಪು ಕೊಟ್ಟವಳದು. ರೊಟ್ಟಿ ಮುರಿದ ಕೈ ತಾಟಿನ ಮೇಲೆಯೇ ನಿಂತಿತು. ನಮ್ಮ ಕೈಗಳೂ ನಿಂತವು.

"ಲೀಲಾ, ಬೇರ ಎಲ್ಲಿ ಹಾಕೀಯವ್ವ?"

"ತಿಪ್ಪಿಗಿ ಒಗದೀನ್ರಿ ಅತ್ತಿ."

"ಎಲ್ಲಾ ಆರಿಸ್ಕೊಂಡ್ ಬಾ."

"ಪಲ್ಯ ಆರಿ ಹೋಗ್ತೈತ್ರಿ."

"ಆರ್ಲಿ. ಯಾರೂ ಬಾಯಿಗೆ ಇಡಬ್ಯಾಡ್ರಿ."

ಮೊರದಲ್ಲಿ ಬಂದ ತುಂಡುಗಳನ್ನು ಒಂದೊಂದಾಗಿ ಸವರಿದಳು. ಉದ್ದ ಬೇರು, ಮತ್ತೆ ಉದ್ದ ಬೇರು. ಆಮೇಲೆ ಬೆರಳು ಒಂದು ಮೋಟು ಕಾಲನ್ನು ಬಿಡಲೇ ಇಲ್ಲ. ಅದನ್ನು ನನ್ನತ್ತ ಚಾಚಿದಳು.

"ನೋಡಿ ಹೇಳೋ. ಬಳಿ ಐತೇನು?"

"ಐತಿ ಅತ್ತಿ."

ಪಲ್ಯದ ಪಾತ್ರೆಯನ್ನು ತಾನೇ ಹೊತ್ತೊಯ್ದು ಹಿತ್ತಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಶಿವಲೀಲಾ ಅಳತೊಡಗಿದಳು.

"ನೀ ಯಾಕ ಅಳ್ತೀಯವ್ವ? ಛಲೋ ಅಂದಾಕಿ ನಾನು." ನೆರೆಯವರತ್ತ ತಿರುಗಿದಳು. "ನನಗ ಕಣ್ಣ ಕಾಣವಲ್ದು. ಇನ್ನ ನನ್ನ ಮುಂದ ತರಬ್ಯಾಡ್ರಿ."

ಅಷ್ಟು ಗಂಭೀರವಾಗಿ ಯಾವ ನ್ಯಾಯಾಧೀಶರೂ ನಿವೃತ್ತರಾದದ್ದನ್ನು ನಾನು ಕಂಡಿಲ್ಲ.

ಯುಗಾದಿಗೆ ಮುಂಚೆಯೇ ನಿಂಗವ್ವತ್ತೆ ತೀರಿಕೊಂಡಳು. ಈ ಸಲ ಗುಡ್ಡದಲ್ಲಿ ಅಣಬೆ ದಂಡಿಯಾಗಿ ಎದ್ದಿವೆಯಂತೆ. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಬದನೆಕಾಯಿ.