ಹುಳದಕ್ಕ ಮುಚ್ಚಿದ ಗೇಟು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳಚೆ ನೀರಿನ ತೊಟ್ಟಿಯನ್ನು ಹದಿನೇಳು ವರ್ಷ ನೋಡಿಕೊಂಡವಳಿಗೆ ಎಲ್ಲರೂ ಹುಳದಕ್ಕ ಅನ್ನುತ್ತಿದ್ದರು. ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಹುಳದಂಥ ಜೀವಿಗಳು ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುತ್ತವೆ. ಅವು ಚೆನ್ನಾಗಿವೆಯೋ ಇಲ್ಲವೋ ಅಂತ ಅವಳು ವಾಸನೆ ಹಿಡಿದೇ ಹೇಳುತ್ತಿದ್ದಳು.

ತಪಾಸಣೆ ಬಂತೆಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ. ನೆಲ ಫಳಫಳ ಹೊಳೆಯಲಿ ಅಂತ ಮ್ಯಾನೇಜರು ಡ್ರಮ್ಮುಗಟ್ಟಲೆ ಬ್ಲೀಚಿಂಗ್ ನೀರು ಸುರಿಸುತ್ತಿದ್ದರು. ಅದು ಸೀದಾ ತೊಟ್ಟಿಗೆ ಹರಿದು ಜೀವಿಗಳೆಲ್ಲ ಸಾಯುತ್ತಿದ್ದವು. ಬೇರೆ ಕಡೆಯಿಂದ ಕೆಸರು ತಂದು ಮತ್ತೆ ಬೆಳೆಸಲು ತಿಂಗಳೇ ಬೇಕು. ಹೇಳಿ ಹೇಳಿ ಅವಳ ಬಾಯಿ ಬತ್ತಿಹೋಗಿತ್ತು.

ಕೊನೆಗೊಂದು ಸಲ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳು ತೊಟ್ಟಿಗೆ ನೀರು ಬರುವ ಗೇಟು ಮುಚ್ಚಿಬಿಟ್ಟಳು. ನೀರು ಹಿಂದಕ್ಕೆ ಉಕ್ಕಿ, ತಪಾಸಣೆಗೆ ಬಂದ ಅಧಿಕಾರಿಯ ಎದುರೇ ಮ್ಯಾನೇಜರ ಬೂಟು ಮುಳುಗಿತು.

"ತಲೆ ಕೆಟ್ಟಿದೆಯೇನಮ್ಮ? ತೆಗಿ ಗೇಟು!"

"ತೆಗೆಯಲ್ಲ ಸಾರ್. ನಿಮ್ಮ ಬೂಟು ಒಣಗುತ್ತೆ. ಸತ್ತ ಜೀವ ಎದ್ದು ಬರಲ್ಲ."

ಅಧಿಕಾರಿ ಕಾರಣ ಕೇಳಿದರು. ಅವಳು ಒಂದೂ ಬಿಡದೆ ಹೇಳಿದಳು. ಮುಂದಿನ ವಾರ ಬ್ಲೀಚಿಂಗ್ ನೀರಿಗೆ ಬೇರೆ ಗುಂಡಿ ಆಯಿತು. ಅದನ್ನು ತೋಡಿಸಿದ ಮ್ಯಾನೇಜರು ಅವಳನ್ನು ಎತ್ತಿ ಪ್ಯಾಕಿಂಗಿಗೆ ಹಾಕಿದರು.

ಈಗ ಅವಳು ರಟ್ಟಿನ ಡಬ್ಬ ಮಡಚುತ್ತಾಳೆ. ಮನೆಗೆ ಬಂದು ಗಂಡನ ಮುಂದೆ ಸಿಡುಕುತ್ತಾಳೆ: "ತೊಟ್ಟಿ ನೋಡ್ಕೊಳ್ಳೋ ಆ ಹೊಸಬ ಊಟಕ್ಕೆ ಹೋಗೋವಾಗ ನೀರಿಗೆ ಗಾಳಿ ಊದೋ ಮೋಟಾರ್ ಆಫ್ ಮಾಡ್ತಾನಂತೆ ರೀ. ಇವನು ಉಣ್ಣೋವರೆಗೂ ಅವು ಉಸಿರು ಕಟ್ಟಿಕೊಂಡಿರಬೇಕಾ?"