ಕೆಂಚಮ್ಮ ಆರಿಸದ ಕರ್ಪೂರ

ಸಾತನೂರಿನ ಬಸ್ ಸ್ಟಾಪಿನ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ. ಪ್ರತಿ ಭಾನುವಾರ ಅಲ್ಲಿ ಏಳು ಜನ ಸೇರಿ ಒಂದು ಗಂಟೆ ತುಟಿ ಬಿಚ್ಚದೆ ಕೂರುತ್ತಾರೆ. ಪಾದ್ರಿಯಿಲ್ಲ, ಹಾಡಿಲ್ಲ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ, ಬರದಿದ್ದರೆ ಹಾಗೇ ಮನೆಗೆ ಹೋಗುತ್ತಾರೆ. ಕ್ವೇಕರ್ ಸಭೆ ಎಂದು ಅದರ ಹೆಸರು. ಊರಿನ ನಾಲಿಗೆಗೆ ಅದು ಹೊರಳಲಿಲ್ಲ, ‘ಸುಮ್ನೆ ಕೂರೋರು’ ಎಂದು ಕರೆದು ನಕ್ಕರು. ನಕ್ಕವರೇ ಕೊಳಾಯಿ ಜಗಳ, ಬದುವಿನ ಜಗಳ ಹೊತ್ತುಕೊಂಡು ಆ ಜಗಲಿಗೆ ಬರುತ್ತಿದ್ದರು, ಅದು ಬೇರೆ ಮಾತು.

ಆ ಏಳರಲ್ಲಿ ಒಬ್ಬಳು ಕೆಂಚಮ್ಮ. ಕನಕಪುರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು. ಅಲ್ಲಿನ ನರ್ಸಮ್ಮ ಒಬ್ಬರ ಜೊತೆ ಒಂದು ಭಾನುವಾರ ಸಭೆಗೆ ಹೋಗಿ, ಕಾಲುನೋವೆಂದು ಕೂತವಳು ಆಮೇಲೆ ಬಿಡಲೇ ಇಲ್ಲ. ಆ ಜನರ ಒಂದು ಕಟ್ಟಳೆ ಅವಳಿಗೆ ತುಂಬ ಹಿಡಿಸಿತ್ತು. ಅವರು ಆಣೆ ಇಡುವುದಿಲ್ಲ. ಆಣೆ ಇಟ್ಟಾಗ ಮಾತ್ರ ನಿಜ ಹೇಳುವುದಾದರೆ ಮಿಕ್ಕ ದಿನ ಆಡಿದ್ದೇನು ಎಂದು ಅವರ ಪ್ರಶ್ನೆ.

ಈಗ ಅದೇ ಕಟ್ಟಳೆ ಮೆಹಬೂಬನ ಕುತ್ತಿಗೆಗೆ ಬಂದಿತ್ತು.

ಬೈರಪ್ಪನ ಹುಳದ ಮನೆಯಲ್ಲಿ ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಶುಕ್ರವಾರ ಬೆಳಗಾಗುವಷ್ಟರಲ್ಲಿ ಕಕ್ಕಿಕೊಂಡು ಸತ್ತಿದ್ದವು. ಹಿಂದಿನ ಸಂಜೆ ರಾಮನಗರದಿಂದ ಬಂದಿದ್ದ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಮೆಹಬೂಬ್ ರೇಟಿನ ಮಾತಿಗೆ ಬೈರಪ್ಪನೊಂದಿಗೆ ಜಗಳವಾಡಿದ್ದ. ಅವನೇ ಕತ್ತಲಲ್ಲಿ ಹಿಂದಿರುಗಿ ಔಷಧಿ ಹೊಡೆದನೆಂದು ಬೈರಪ್ಪನ ತಮ್ಮನ ಮಗ ನಟರಾಜು ಹೇಳಿದ್ದೇ ತಡ, ಊರು ನಂಬಿತು. ನಿಜವೆಂದರೆ ಜಗಳವಾದ ಮೇಲೆ ಮೆಹಬೂಬ್ ನೆಟ್ಟಗೆ ಬಸ್ ಸ್ಟಾಪಿನ ಹತ್ತಿರದ ಕೆಂಚಮ್ಮನ ಮನೆ ಜಗಲಿಗೆ ಬಂದು, ಕೊನೆಯ ಬಸ್ಸು ಹತ್ತುವವರೆಗೂ ಅಲ್ಲೇ ಕೂತಿದ್ದ. ನೋಡಿದವಳು ಅವಳೊಬ್ಬಳೇ.

ಭಾನುವಾರ ಬೆಳಿಗ್ಗೆ ಮೆಹಬೂಬನನ್ನು ರಾಮನಗರದಿಂದ ಹಿಡಿದು ತಂದು, ಗುಡಿಯ ಮುಂದೆ ಊರು ನೆರೆಯಿತು. ಹಿರಿಯ ಬೋರಲಿಂಗಯ್ಯ ಚಪ್ಪಡಿಯ ಮೇಲೆ ಕರ್ಪೂರ ಹಚ್ಚಿದ. ಅದನ್ನು ಕೈಯಿಂದ ಆರಿಸಿದರೆ ಆಣೆ ಮಾಡಿದಂತೆ, ಆಮೇಲೆ ಎದುರಾಡುವವರಿಲ್ಲ.

“ಆರಿಸಿ ಏಳ್ಬುಡವ್ವ ಕೆಂಚಮ್ಮ, ಸಾಕು. ಇವನ್ನ ಬುಟ್‌ಬುಡ್ತೀವಿ.”

ಕ್ವೇಕರ್ ಸಭೆಯ ಉಳಿದ ಆರು ಜನ ಅವಳ ಹಿಂದೆ ಮಣ್ಣಿನಲ್ಲೇ ಕೂತಿದ್ದರು. ಆಣೆ ಮಾಡೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಜೊತೆಗೆ ಬರುತ್ತೇವೆ ಎಂದಿದ್ದರು, ಬಂದಿದ್ದರು.

“ಬಸ್ ಹತ್ತೋಗಂಟ ನನ್ ಜಗಲೀಲೇ ಇದ್ದ,” ಎಂದಳು ಕೆಂಚಮ್ಮ. “ಆಣೆ ಮಾತ್ರ ಮಾಡಾಕಿಲ್ಲ.”

“ನೋಡುದ್ರಾ? ಸುಳ್ಳು ಕಣ್ರಲಾ, ಅದ್ಕೇ ಎದ್ರುಕತಾವ್ಳೆ!” ನಟರಾಜು ಮೆಹಬೂಬನ ಕಾಲರ್ ಹಿಡಿದು ತಿರುಚಿದ. ಗುಂಡಿಯೊಂದು ಕಿತ್ತು ಬಿತ್ತು. ಹಿಂದಿದ್ದ ನಾಲ್ಕೈದು ಜನ ಅಂಗಿಯ ತೋಳು ಮೇಲೇರಿಸಿಕೊಂಡು ಮುಂದೆ ಬಂದರು.

“ಕೆಂಚಕ್ಕ, ಕಾಲಿಗ್ ಬೀಳ್ತೀನಿ, ಒಂದ್ಸಲ ಆರಿಸ್ಬುಡಿ,” ಎಂದು ಮೆಹಬೂಬ್ ಅಂಗಲಾಚಿದ. “ಮನೇಲಿ ಹೆಂಡ್ತಿ ಸಾಬಿರಾ ಒಬ್ಳೇ ಅವ್ಳೆ.”

ಕೆಂಚಮ್ಮನಿಗೆ ನಾಚಿಕೆಯಾಯಿತು. ಕಣ್ಣೆದುರೇ ಒಬ್ಬ ನಿರಪರಾಧಿ ಒದೆ ತಿನ್ನುವಾಗ ತನ್ನ ಕಟ್ಟಳೆ ಯಾರ ಉದ್ಧಾರಕ್ಕೆ? ಕೈ ಉರಿಯ ತನಕ ಹೋಯಿತು. ಅಲ್ಲೇ ನಿಂತಿತು. ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ ಬೈರಪ್ಪನ ಕಡೆ ಅವಳು ತಿರುಗಿದಳು.

“ಬೈರಣ್ಣ, ಇವತ್ತು ಆರಿಸ್ಬುಟ್ರೆ ಇಷ್ಟ್ ದಿನ ನಾನು ನಿಂಗೇಳಿದ್ದೆಲ್ಲಾ ಏನಾಯ್ತದೆ?”

ಬೈರಪ್ಪನ ಮುಖ ಸಣ್ಣದಾಯಿತು. ಎಂಟು ವರ್ಷದ ಹಿಂದೆ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಕೆಂಚಮ್ಮನಿದ್ದ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದಾಗ ಹುಷಾರಾಗುತ್ತಾಳೆ, ನೀನು ಹೋಗಿ ಹುಳ ನೋಡಿಕೋ ಎಂದು ಎಲ್ಲರೂ ಹೇಳಿದ್ದರು. “ಒಂಟೋಯ್ತಾಳೆ ಕಣಣ್ಣ, ಎಲ್ಲೂ ಓಗ್ಬ್ಯಾಡ,” ಎಂದವಳು ಕೆಂಚಮ್ಮ ಒಬ್ಬಳೇ. ಅವನು ಉಳಿದ. ಹೆಂಡತಿ ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಅವತ್ತು ಅವನು ಆಣೆ ಕೇಳಿರಲಿಲ್ಲ.

ಬೈರಪ್ಪ ಎದ್ದು ಬಂದ. ಕೆಂಚಮ್ಮನ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ತನ್ನ ಅಂಗೈಯನ್ನೇ ಊರಿ ಕರ್ಪೂರ ಆರಿಸಿದ.

“ಇವಳ ಮಾತ್ಗೆ ನಂದು ಆಣೆ. ಉಳ ಯಾಕ್ ಸತ್ವೋ ಕಾಣೆ. ಇವನಲ್ಲ. ನಟ್ರಾಜ, ಕೈ ತಗೀಲಾ.”