ಒಳ್ಳೆಯ ಕೇಸು

ವೈದ್ಯರನ್ನು ತಯಾರು ಮಾಡುವ ವಿಶ್ವವಿದ್ಯಾಲಯಕ್ಕೆ ಪುಸ್ತಕ, ಪ್ರಾಧ್ಯಾಪಕರು ಇದ್ದರಷ್ಟೇ ಸಾಲದು, ಕಾಯಿಲೆಯವರೂ ಬೇಕು. ಇದು ನನಗೆ ಗೊತ್ತಾದದ್ದು ನಮ್ಮ ಸೋದರತ್ತೆಯಿಂದ.

ಅತ್ತೆಯದು ಬಟ್ಟೆ ಹೊಲಿಯುವ ಕೆಲಸ. ಅವಳ ಹೃದಯದ ಒಂದು ಕವಾಟ ಕಿರಿದಾಗಿತ್ತು. ಅದರೊಳಗೆ ರಕ್ತ ನುಗ್ಗುವ ಗುಡುಗುಡು ಸದ್ದು ಹೊಸಬರ ಕಿವಿಗೂ ಕೇಳುತ್ತಿತ್ತು. ಹಾಗಾಗಿ ವೈದ್ಯ ವಿದ್ಯಾರ್ಥಿಗಳ ಪ್ರತಿ ಪರೀಕ್ಷೆಗೂ ಅವಳಿಗೆ ಕರೆ.

"ಶಾಲೇಲಿ ನನ್ನ ಹಾಡು ಯಾರಿಗೂ ಬೇಡವಾಗಿತ್ತು. ಈಗ ನೋಡು, ನನ್ನೆದೆ ಕೇಳೋಕೆ ಸಾಲು ನಿಲ್ತಾರೆ!" ಎಂದು ನಗುತ್ತಿದ್ದಳು.

ಕಾಯಿಲೆಯ ಹೆಸರು ಬಾಯಿಬಿಡುವಂತಿರಲಿಲ್ಲ. "ಆಂಟಿ, ಒಂದೇ ಒಂದಕ್ಷರ ಹೇಳಿ" ಎಂದು ಹುಡುಗರು ಗೋಗರೆಯುತ್ತಿದ್ದರು. "ನಾನೇ ಹೇಳಿದ್ರೆ ನಿನ್ನ ಕಿವಿ ಕಲಿಯೋದ್ಯಾವಾಗಪ್ಪಾ?" ಎನ್ನುತ್ತಿದ್ದಳು.

ಈ ವರ್ಷ ಹೊಲಿಗೆ ಯಂತ್ರ ತುಳಿದರೂ ಏದುಸಿರು ಬರತೊಡಗಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಆಗ ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು: "ಪರೀಕ್ಷೆ ಆದ್ಮೇಲೆ ಇಟ್ಕೊಳ್ಳೋಣ್ವಾ, ತಾಯಿ? ಇಷ್ಟು ಒಳ್ಳೆ ಕೇಸು ನಮ್ಮಲ್ಲಿ ಬೇರೆ ಇಲ್ಲ."

ಅತ್ತೆ ಹೂಂ ಎಂದು ತಲೆಯಾಡಿಸಿ ಬಂದಳು. ಮಾವ ಸಿಡಿದರು. "ಆಗಲ್ಲ ಅನ್ನೋಕೆ ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ಯಾ?"

"ಇಷ್ಟು ವರ್ಷ ನನ್ನನ್ನ ನೋಡ್ಕೊಂಡೋರು ಅವರೇ. ನಾಳೆ ನನ್ನೆದೆ ಕೊಯ್ಯೋರೂ ಅವರ ಕಡೆಯೋರೇ. ಹೇಗ್ರೀ ಆಗಲ್ಲ ಅನ್ನಲಿ?"



ಪರೀಕ್ಷೆಯ ದಿನ ಅತ್ತೆ ಪರದೆಯ ಹಿಂದಿನ ಮಂಚದಲ್ಲಿ ಮಲಗಿದಳು. ಒಬ್ಬರಾದ ಮೇಲೊಬ್ಬರು ಬಂದು, ಎಡಮಗ್ಗುಲಿಗೆ ತಿರುಗಿ, ಉಸಿರು ಬಿಟ್ಟು ಹಾಗೇ ಹಿಡಿಯಿರಿ ಎಂದರು. ಹಿಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಆಮೇಲೆ ಬಂದ ಹುಡುಗಿಯೊಬ್ಬಳು ಮೊದಲು ಅವಳ ಪಾದ ಒತ್ತಿ ನೋಡಿದಳು. ಬೆರಳಿನ ಗುಳಿ ಹಾಗೇ ಉಳಿಯಿತು.

"ಮಲಗಿದ್ರೆ ಉಸಿರು ಕಟ್ಟುತ್ತಾ, ಅಮ್ಮಾ?"

"ಕೂತೇ ನಿದ್ದೆ ಮಾಡ್ತೀನಿ, ಮಗಳೇ."

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಪರದೆ ಸರಿಸಿದರು. ಹುಡುಗಿ ಕಾಯಿಲೆಯ ಹೆಸರನ್ನು ಸರಿಯಾಗಿ ಹೇಳಿದಳು.

"ಮುಂದೇನು ಮಾಡ್ತೀಯ?"

"ತಡ ಮಾಡಬಾರದು ಸರ್. ಇವತ್ತೇ ಅಡ್ಮಿಟ್ ಮಾಡಿ, ಬೇಗ ಆಪರೇಷನ್ ಮಾಡಿಸಬೇಕು."

ಅತ್ತೆ ಮೊಣಕೈಯೂರಿ ಅರ್ಧ ಎದ್ದು, ಪರೀಕ್ಷಕರ ಮುಖವನ್ನೇ ನೋಡಿದಳು.

"ಭೇಷ್! ಸರಿಯಾದ ಉತ್ತರ" ಎಂದು ಅವರು ಅಂಕ ಬರೆದುಕೊಂಡರು. ಸರದಿ ಮುಗಿದ ಗಂಟೆ ಹೊಡೆಯಿತು. ಹುಡುಗಿ ಒಮ್ಮೆ ತಿರುಗಿ ನೋಡಿ ಹೊರಟುಹೋದಳು.

ಮುಂದಿನ ಹುಡುಗ ಸ್ಟೆತಾಸ್ಕೋಪನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡುತ್ತಾ ಹೇಳಿದ: "ಎಡಮಗ್ಗುಲಿಗೆ ತಿರುಗಿ, ಅಮ್ಮಾ."

ಅತ್ತೆ ತಿರುಗಿದಳು.